ಮಣ್ಣು ಕೊಡುವವರು

ನಾನು ಬಿ.ಎ. ಪಾಸಾಗುವುದು ಈ ಜನ್ಮಕ್ಕೆ ಆಗದ ಮಾತು ಎಂದು ಹೇಳಿದವಳು ನನ್ನ ದೊಡ್ಡಾಯಿ. ಬೆನ್ನ ಹಿಂದೆ ಹೇಳಲಿಲ್ಲ, ಎದುರಿಗೆ ಕೂರಿಸಿಕೊಂಡು ಹೇಳಿದಳು. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುವಾಗಲೆಲ್ಲ ಹೇಳಿದಳು.

“ಬಿ.ಎ. ಆಗೋರಿಗಿ ರೊಟ್ಟಿ ಬಡಿಯೋದು ನಮ್ಮ ಹಣಿಬರಹ. ಬಿ.ಎ. ಆಗೋದು ಅಲ್ಲ. ಹಿಟ್ಟು ನಾದು, ನನ್ನ ಮಾರಿ ನೋಡಬ್ಯಾಡ.”

ದೊಡ್ಡಾಯಿ ಎಂದರೆ ನನ್ನ ಅವ್ವನ ಅಜ್ಜಿ, ಅವ್ವನ ಅಪ್ಪನನ್ನು ಹೆತ್ತವಳು; ಮನೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಆಯಿ ಎಂದು. ಬೀದರ ಸೀಮೆಯ ಒಂದು ಸಣ್ಣ ಹಳ್ಳಿಯಲ್ಲಿ, ನಿಜಾಮರ ಕಾಲದಲ್ಲಿ, ಹತ್ತೊಂಬತ್ತನೆಯ ಶತಮಾನ ಇನ್ನೂ ಮುಗಿಯದಿದ್ದಾಗ ಹುಟ್ಟಿದವಳು. ಯಾವ ವರ್ಷ ಎಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಯಾರೂ ಉಳಿದಿರಲಿಲ್ಲ. ವಯಸ್ಸು ಕೇಳಿದರೆ, “ಪ್ಲೇಗಿಗಿ ಊರು ಬಿಟ್ಟು ಹೊಲದಾಗ ಗುಡಸಲ ಹಾಕಿದಾಗ ನನ್ನ ಮಗಳು ಓಡ್ಯಾಡ್ತಿದ್ಲು, ಮಗ ತೊಡಿ ಮ್ಯಾಲ ಇದ್ದ. ನೀನ ಲೆಕ್ಕಾ ಹಾಕ್ಕೋ” ಎನ್ನುತ್ತಿದ್ದಳು. ಅರವತ್ತರ ದಶಕದ ಕೊನೆಗೆ ನಾನು ಅವಳ ಮನೆಗೆ ಹೋದಾಗ ಅವಳಿಗೆ ಎಂಬತ್ತು ದಾಟಿತ್ತು.

ಆಗ ಔರಂಗಾಬಾದ್ ಎನ್ನುತ್ತಿದ್ದ, ಈಗ ಸಂಭಾಜಿನಗರ ಎನ್ನುವ ಊರಿನಲ್ಲಿ, ಶಹಾಗಂಜ್ ಪೇಟೆಯ ಹಿಂದಿನ ಒಂದು ಗಲ್ಲಿಯಲ್ಲಿ ಅವಳ ಖಾನಾವಳಿ ಇತ್ತು. ಬೋರ್ಡು ಇರಲಿಲ್ಲ. ಜೋಳದ ರೊಟ್ಟಿ ಬಡಿಯುವ ಸದ್ದೇ ಬೋರ್ಡು. ಮುಂದಿನ ಪಡಸಾಲೆಯಲ್ಲಿ ಉದ್ದಕ್ಕೆ ಹಾಸಿದ ಚಾಪೆ, ಹಿಂದೆ ಅಡುಗೆಮನೆ, ಅದರ ಹಿಂದೆ ಹಿತ್ತಲು. ರೊಟ್ಟಿ, ಬ್ಯಾಳಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಉಣ್ಣಲು ಬರುವವರು ಹೆಚ್ಚಿನವರು ಮರಾಠಿ ಹುಡುಗರು, ಸುತ್ತಲ ಜಿಲ್ಲೆಗಳಿಂದ ಕಾಲೇಜಿಗೆ ಬಂದವರು. ಜೊತೆಗೆ ನಮ್ಮ ಕಡೆಯ ಕೆಲವು ನೌಕರದಾರರು. ಅವಳ ರೊಟ್ಟಿ ತಿಂದು ವಕೀಲರಾದವರಿದ್ದರು, ಮಾಸ್ತರರಾದವರಿದ್ದರು. ಪಾಸಾದ ಹುಡುಗರು ಪೇಢಾ ತಂದು ಅವಳ ಕಾಲಿಗೆ ಬೀಳುತ್ತಿದ್ದರು. ಅವಳು ಹಿಟ್ಟಿನ ಕೈಯನ್ನೇ ಅವರ ತಲೆಯ ಮೇಲೆ ಇಡುತ್ತಿದ್ದಳು. ಅವಳ ಸ್ವಂತ ಮನೆಯಲ್ಲಿ ಮಾತ್ರ ನಾಲ್ಕನೆಯ ಇಯತ್ತೆ ದಾಟಿದವರು ಒಬ್ಬರೂ ಇರಲಿಲ್ಲ. ಆ ನಾಲ್ಕನ್ನು ಉರ್ದುವಿನಲ್ಲಿ ಕಲಿತವನು ನನ್ನ ಸೋದರಮಾವ, ಅವ್ವನ ತಮ್ಮ. ದೊಡ್ಡಾಯಿಯ ಮಗ, ಸೊಸೆ ಇಬ್ಬರೂ ಬೇಗ ಸತ್ತಿದ್ದರಿಂದ ಅವ್ವನನ್ನೂ ಮಾಮಾನನ್ನೂ ಸಾಕಿದವಳು ಅವಳೇ. ಈಗ ಆ ಮನೆಯಲ್ಲಿ ಇದ್ದವರು ಅವಳು ಮತ್ತು ಮಾಮಾ, ಇಬ್ಬರೇ.

ಅವ್ವನನ್ನು ಹದಿನಾಲ್ಕಕ್ಕೆ ನಾಸಿಕಕ್ಕೆ ಕೊಟ್ಟಿದ್ದರು. ಅಪ್ಪ ಅಲ್ಲಿ ಎಣ್ಣೆ ಅಂಗಡಿಯಲ್ಲಿ ತಕ್ಕಡಿ ಹಿಡಿಯುತ್ತಿದ್ದ. ಪಂಚವಟಿಯಲ್ಲಿ ಹಲವು ಸಂಸಾರಗಳು ಬಾಡಿಗೆಗಿದ್ದ ಹಳೆಯ ವಾಡೆಯೊಂದರಲ್ಲಿ ನಮಗೆ ಒಂದು ಕೋಣೆ. ನಾನು ಹಿರಿಯವಳು, ನನ್ನ ಕೆಳಗೆ ತಮ್ಮ ತಂಗಿಯರು. ಮರಾಠಿ ಶಾಲೆಯಲ್ಲಿ ಮ್ಯಾಟ್ರಿಕ್ ಮುಗಿಸಿದಾಗ ನನ್ನ ಬಾಯಲ್ಲಿ ಕನ್ನಡ ಸರಿಯಾಗಿ ಹೊರಳುತ್ತಿರಲಿಲ್ಲ; ಅರ್ಥವಾಗುತ್ತಿತ್ತು, ಅಷ್ಟೆ. ನಾಸಿಕದಲ್ಲಿ ಕಾಲೇಜು ಇರಲಿಲ್ಲವೆಂದಲ್ಲ. ಆ ಕೋಣೆಯಲ್ಲಿ ಓದುವ ಮೂಲೆ ಇರಲಿಲ್ಲ. ನಾನು ಊಟ ಬಿಟ್ಟು ಕುಳಿತಾಗ ಅಪ್ಪನೇ ದಾರಿ ಹುಡುಕಿದ.

“ಔರಂಗಾಬಾದಿಗಿ ಹೋಗು. ಆಯಿ ಇದ್ದಾಳ, ಮಾಮಾ ಇದ್ದಾನ. ಮುಂಜಾನಿ ಸಂಜಿ ರೊಟ್ಟಿ ಬಡಿ, ನಡು ಹೊತ್ತಿನಾಗ ಕಾಲೇಜಿಗಿ ಹೋಗು. ಯಾರಿಗೂ ಭಾರ ಆಗಬ್ಯಾಡ.”

ಹೊರಡುವ ದಿನ ಅವ್ವ ನನ್ನನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದಳು. ಅಕ್ಕಿ, ಉತ್ತತ್ತಿ, ಅರಿಶಿಣದ ಕೊಂಬು, ಕೊಬ್ಬರಿ ಬಟ್ಟಲು, ಮೇಲೊಂದು ಖಣ. ಸೆರಗಿನಲ್ಲಿ ಗಂಟು ಹಾಕಿ, “ಬಸ್ಸಿನಾಗ ಬಿಚ್ಚಬ್ಯಾಡ. ಆಯಿ ಮುಂದ ಬಿಚ್ಚು” ಎಂದಳು. ಉತ್ತತ್ತಿಯನ್ನು ನಾನು ದಾರಿಯಲ್ಲೇ ತಿಂದು ಮುಗಿಸಿಬಿಟ್ಟೇನು ಎಂಬುದಷ್ಟೇ ಅವಳ ಚಿಂತೆ. ವಾಡೆಯ ಮರಾಠಿ ಹೆಂಗಸರು ಊರಿಗೆ ಹೊರಟ ಹೆಣ್ಣುಮಕ್ಕಳಿಗೆಲ್ಲ ಹಾಗೆ ಉಡಿ ತುಂಬುತ್ತಿದ್ದರು. ಅವರ ಲೆಕ್ಕದಲ್ಲಿ ಅದು ಬರೀ ಅಕ್ಕರೆ. ಅವರ ನಡುವೆ ಇದ್ದು ಇದ್ದು ಅವ್ವನಿಗೂ ಅದು ಅಷ್ಟೇ ಆಗಿಬಿಟ್ಟಿತ್ತು.

ದೊಡ್ಡಾಯಿಯ ಲೆಕ್ಕ ಬೇರೆ. ಅವಳ ಹಳ್ಳಿಯಲ್ಲಿ ಸೋದರಮಾವನಿಗೆ ಅಕ್ಕನ ಮಗಳ ಮೇಲೆ ಮೊದಲ ಹಕ್ಕು. ಅವಳೇ ತನ್ನ ಸೋದರಮಾವನಿಗೆ ಹೆಂಡತಿಯಾಗಿ ಹೋದವಳು, ಹಲ್ಲು ಪೂರಾ ಬಿದ್ದು ಹುಟ್ಟುವ ಮೊದಲೇ. ನನ್ನ ತೊಟ್ಟಿಲಿಗೆ ಅವಳು ನಾಸಿಕಕ್ಕೆ ಬಂದು, ನನ್ನ ಬಾಯಿಗೆ ಸಕ್ಕರೆ ಇಟ್ಟು, “ಇದು ನನ್ನ ಮೊಮ್ಮಗಂದು” ಎಂದಿದ್ದಳಂತೆ. ಆ ಮೊಮ್ಮಗನಿಗೆ ಆಗ ಹನ್ನೆರಡು ವರ್ಷ. ಎಲ್ಲರೂ ನಕ್ಕರಂತೆ. ಹಾಗೆ ತೊಟ್ಟಿಲಲ್ಲಿ ಮಾತಾದ ಹುಡುಗಿ ತುಂಬಿದ ಉಡಿಯೊಂದಿಗೆ ಸೋದರಮಾವನ ಹೊಸ್ತಿಲು ದಾಟಿ, ಆ ಮನೆಯ ಹಿರಿಯಳ ಮುಂದೆ ಗಂಟು ಬಿಚ್ಚಿದರೆ, ಹೆಣ್ಣು ಕೊಟ್ಟಹಾಗೆ. ಅವ್ವ ಇದನ್ನು ಮರೆತಿದ್ದಳು. ನನಗೆ ಗೊತ್ತೇ ಇರಲಿಲ್ಲ. ಬಸ್ಸಿನ ಧೂಳಿನಲ್ಲೇ ಅಡುಗೆಮನೆಗೆ ಹೋಗಿ, ಅವ್ವ ಹೇಳಿದಂತೆ, ದೊಡ್ಡಾಯಿಯ ಮುಂದೆ ಕುಳಿತು ಸೆರಗು ಬಿಚ್ಚಿದೆ.

ಅವಳು ರೊಟ್ಟಿ ಬಿಟ್ಟಳು. ಕೈ ಒರೆಸಿಕೊಂಡಳು. ಆ ಅಕ್ಕಿಯನ್ನು ಮುಟ್ಟಿ ಮುಟ್ಟಿ ನೋಡಿದಳು. ಕಣ್ಣಲ್ಲಿ ನೀರು ಬಂತು. ನನ್ನನ್ನು ಕಂಡ ಖುಷಿಗೆ ಅಳುತ್ತಾಳೆ ಎಂದುಕೊಂಡು ನಾನೂ ಅತ್ತೆ.

ಮರುದಿನ ಮಧ್ಯಾಹ್ನ ಪಂಕ್ತಿ ಕುಳಿತಾಗ ಅವಳು ಒಂದು ಬಟ್ಟಲು ಸಕ್ಕರೆ ಹಿಡಿದು ಹೊರಗೆ ಬಂದಳು. ಪ್ರತಿಯೊಬ್ಬರ ತಾಟಿಗೂ ಒಂದೊಂದು ಚಮಚ. ಜಾಲನಾ ಕಡೆಯ ವಕೀಲಿ ಓದುವ ಹುಡುಗನೊಬ್ಬ, “ಕಶಾಚೀ ಸಾಖರ್, ಆಜಿ?” ಎಂದು ಕೇಳಿದ, ಯಾತರ ಸಕ್ಕರೆ ಎಂದು. ದೊಡ್ಡಾಯಿ ತನ್ನ ಮುರುಕು ಮರಾಠಿಯಲ್ಲಿ, ನನ್ನ ಮೊಮ್ಮಗನ ಲಗ್ನ ಎಂದು ಹೇಳಿ, ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ಬೆರಳು ಮಾಡಿದಳು.

ಪಂಕ್ತಿಯ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಆಮೇಲೆ ಯಾರೋ ಕಿಸಕ್ಕೆಂದ. “ಅಹೋ ಆಜಿ, ಹೀ ತರ್ ತ್ಯಾಚೀ ಭಾಚೀ!” ಇವಳು ಅವನ ಅಕ್ಕನ ಮಗಳಲ್ಲವೇ, ಎಂದು. ಮರಾಠಿಯವರಲ್ಲಿ ಮಾಮಾ ಎಂದರೆ ಅಪ್ಪನ ಸಮ. ಮಾಮಾ ಭಾಚಿಯನ್ನು ಮದುವೆಯಾಗುವುದು ಅವರು ಬಾಯಲ್ಲಿ ಆಡದ ಮಾತು. ಬ್ಯಾಳಿಯ ಬಕೆಟ್ಟು ಹಿಡಿದು ಬಡಿಸುತ್ತಿದ್ದ ಮಾಮಾ ಅಲ್ಲೇ ನಿಂತುಬಿಟ್ಟ. ಅವನ ಸೌಟಿನಿಂದ ಬ್ಯಾಳಿ ಚಾಪೆಯ ಮೇಲೆ ಹನಿಯುತ್ತಿತ್ತು. ದೊಡ್ಡಾಯಿಗೆ ನಗು ಯಾಕೆಂದು ತಿಳಿಯಲಿಲ್ಲ. ಸಂತೋಷಕ್ಕೆ ನಗುತ್ತಾರೆ ಎಂದುಕೊಂಡು ಆ ಹುಡುಗನಿಗೆ ಇನ್ನೊಂದು ಚಮಚ ಹಾಕಿದಳು.

ಕಾಲೇಜಿಗೆ ಸುದ್ದಿ ನನಗಿಂತ ಮೊದಲು ಮುಟ್ಟಿತು. ಹುಡುಗಿಯರ ಕೋಣೆಯಲ್ಲಿ ಒಬ್ಬಳು ಬಹಳ ಮೆತ್ತಗೆ ಕೇಳಿದಳು, “ನಿಮ್ಮಲ್ಲಿ ಹಾಗೆ ನಡೆಯುತ್ತದಂತೆ, ಹೌದೇ?” ಹೌದು ಎಂದರೆ ಒಂದು ನಾಚಿಕೆ, ಇಲ್ಲ ಎಂದರೆ ಇನ್ನೊಂದು. ಪುಸ್ತಕ ಎದೆಗೆ ಅವುಚಿಕೊಂಡು ಮನೆಗೆ ಬಂದು, ನಾಸಿಕದ ಬಸ್ಸು ಎಷ್ಟಕ್ಕೆ ಎಂದು ಮಾಮಾನನ್ನು ಕೇಳಿದೆ. ಅವನು ಹಿತ್ತಲಲ್ಲಿ ಕೊಡ ತಿಕ್ಕುತ್ತಿದ್ದ. ತಲೆ ಎತ್ತಲಿಲ್ಲ.

“ನೀ ಓದಲಿಕ್ಕ ಬಂದೀ, ಲಗ್ನಕ್ಕ ಬಂದೀ?”

“ಓದಲಿಕ್ಕ ಮಾಮಾ.”

“ಹಂಗಾದ್ರ ಬಸ್ಸು ಯಾಕ ಬೇಕು? ಓದು. ಆಯಿಗಿ ನಾ ಹೇಳ್ತೀನಿ.”

“ನಿಮಗ ಬ್ಯಾಸರ ಇಲ್ಲೇನ್ರಿ?”

“ನಂಗ? ನೀ ಬಡಿಯೋ ರೊಟ್ಟಿ ನೋಡೀನಿ. ಭಾರತದ ನಕಾಶಿ ಇದ್ದಂಗ ಇರ್ತಾವ. ಜೀವನಪೂರ್ತಿ ಅವನ್ನ ತಿನ್ನೋ ಧೈರ್ಯ ನಂಗಿಲ್ಲ.”

ನಾನು ನಕ್ಕೆ. ಅವನು ಯಾವಾಗಲೂ ಹಾಗೆ, ಭಾರವಾದ ಮಾತನ್ನು ಹಗುರ ಮಾಡಿ ಕೆಳಗಿಡುತ್ತಿದ್ದ. ಅವನ ಮನಸ್ಸಿನಲ್ಲಿ ಏನಿತ್ತೋ ನಾನು ಅಂದೂ ಕೇಳಲಿಲ್ಲ, ಮುಂದೆಯೂ ಅವನು ಹೇಳಲಿಲ್ಲ. ದೊಡ್ಡಾಯಿಯ ಹತ್ತಿರ ಹೋಗಿ, ಪರೀಕ್ಷೆ ಮುಗಿಯುವ ತನಕ ಲಗ್ನದ ಮಾತು ಬೇಡ ಎಂದು ಅವನು ಹೇಳಿದ್ದು ಮಾತ್ರ ನನಗೆ ಕೇಳಿಸಿತು. ಅವಳು ಒಪ್ಪಿದಳು. ಒಪ್ಪಲು ಅವಳಿಗೆ ಕಷ್ಟವಾಗಲಿಲ್ಲ. ಈ ಪರೀಕ್ಷೆ ಮುಗಿಯುವುದೇ ಇಲ್ಲ, ನಾನೇ ನಡುವೆ ಬಿಟ್ಟು ಕೂರುತ್ತೇನೆ ಎಂಬ ನಂಬಿಕೆ ಅವಳದು.

ಹಾಗಾಗಿ ಆ ವರ್ಷಗಳಲ್ಲಿ ನಮ್ಮಿಬ್ಬರ ನಡುವೆ ಒಂದು ಪಂದ್ಯ ನಡೆದಂತಿತ್ತು. ನಾನು ಒಂದೊಂದು ವರ್ಷ ಪಾಸಾಗುತ್ತಿದ್ದೆ, ಅವಳು ಒಂದೊಂದು ವರ್ಷ “ಆಗಂಗಿಲ್ಲ” ಎನ್ನುತ್ತಿದ್ದಳು. ಬೆಳಿಗ್ಗೆ ಎಸರು ಕುದಿಯುವ ಹೊತ್ತಿಗೆ ಒಲೆಯ ಬೆಳಕಿನಲ್ಲಿ ಓದುತ್ತಿದ್ದೆ. ನನ್ನ ಇತಿಹಾಸದ ಪುಸ್ತಕದ ಅಂಚೆಲ್ಲ ಜೋಳದ ಹಿಟ್ಟು. ಒಮ್ಮೆ ಅವಳು ಕೇಳಿದಳು.

“ಅದರಾಗ ಏನದ?”

“ಹಿಂದ ಆಗಿದ್ದು, ಆಯಿ. ರಾಜರದು, ಬ್ರಿಟಿಷರದು.”

“ಪ್ಲೇಗು ಅದ?”

ಹುಡುಕಿದೆ. “ಅದ. ಎರಡು ಸಾಲು.”

“ಎರಡ ಸಾಲಾ?” ಅವಳು ರೊಟ್ಟಿ ಎತ್ತಿ ಹಂಚಿಗೆ ಹಾಕಿದಳು. “ನಮ್ಮೂರಾಗ ಎರಡು ಓಣಿ ಖಾಲಿ ಆದವು. ನನ್ನ ಗಂಡ ಮುಂಜಾನಿ ಎತ್ತು ಹೊಡಕೊಂಡು ಹೋದಾಂವ ಸಂಜಿಗಿ ಇರಲಿಲ್ಲ. ಬರೆದಾಂವ ಯಾರು? ಊಟಾ ಗೀಟಾ ಮಾಡ್ಯಾನೋ ಇಲ್ಲೋ?”

ಈಗ ನಾನು ಬರೆಯುತ್ತಿರುವ ಈ ಕನ್ನಡದ ಅಕ್ಷರಗಳನ್ನೂ ಕಲಿತದ್ದು ಅಲ್ಲೇ. ಉಣ್ಣಲು ಬರುತ್ತಿದ್ದ ಗುಲಬರ್ಗಾ ಕಡೆಯ ಬ್ಯಾಂಕ್ ಗುಮಾಸ್ತರೊಬ್ಬರು ಕೈ ತೊಳೆದ ಮೇಲೆ ಸ್ವಲ್ಪ ಹೊತ್ತು ಕುಳಿತು ಕಲಿಸುತ್ತಿದ್ದರು. ದೊಡ್ಡಾಯಿ ಅದಕ್ಕೂ ಗೊಣಗಿದಳು. “ಮರಾಠಿ ಸಾಲಲಿಲ್ಲ, ಈಗ ಇದೊಂದು. ಬಾಯಾಗ ಇರೋದನ್ನ ಬರದು ಏನ ಮಾಡ್ತಿ?”

ಕೋಪ ಬಂದ ದಿನಗಳಿದ್ದವು. ಅಂಥ ಒಂದು ದಿನ ನಾನು ಹಿಟ್ಟಿನ ಮುದ್ದೆ ಬಿಟ್ಟು ಎದ್ದು ನಿಂತೆ.

“ನಾನ ಯಾಕ ಆಯಿ? ಊರಾಗ ಹುಡುಗಿಯರು ಇಲ್ಲೇನು? ನಿಂಗ ರೊಟ್ಟಿ ಬಡಿಯೋ ಕೈ ಬೇಕು, ಅಷ್ಟ. ಅದಕ್ಕ ನನ್ನ ಹಿಡದಿಟ್ಟೀ.”

ಅವಳು ಬಯ್ಯುತ್ತಾಳೆ ಎಂದು ಕಾದೆ. ಅವಳು ಬಯ್ಯಲಿಲ್ಲ. ಒಲೆಯ ಕಟ್ಟಿಗೆಯನ್ನು ಹಿಂದಕ್ಕೆಳೆದಳು. ಅವ್ವನಾಗಲಿ ಮಾಮಾನಾಗಲಿ ಎಂದೂ ಹೇಳದ ಒಂದು ಸಂಗತಿಯನ್ನು ಹೇಳಿದಳು.

ಪ್ಲೇಗಿನಲ್ಲಿ ಗಂಡ ಸತ್ತಾಗ ಅವಳ ಕೈಯಲ್ಲಿ ಮಗಳು, ಮಗ. ಮಗಳು ಚೆಲುವೆಯಂತೆ. ಹುಡುಗಿ ಮದುವೆಗೆ ಬಂದಾಗ ದೊಡ್ಡಾಯಿಯ ಸ್ವಂತ ತಮ್ಮ ಕೇಳಲು ಬಂದ. ಸೋದರಮಾವ, ಅವನ ಹಕ್ಕು. ಆದರೆ ಅವನು ಕಂಡವರ ಹೊಲದಲ್ಲಿ ದುಡಿಯುವವನು, ಅವನ ಮನೆಯಲ್ಲಿ ಎರಡು ಹೊತ್ತಿನ ರೊಟ್ಟಿ ಇರಲಿಲ್ಲ. ಅದೇ ಹೊತ್ತಿಗೆ ದೂರದ ಊರಿನ ದೊಡ್ಡ ಮನೆತನದವರು, ಎತ್ತು ಹೊಲ ಇದ್ದವರು, ಏನೂ ಕೇಳದೆ ಹುಡುಗಿಯನ್ನು ಒಪ್ಪಿದರು. ದೊಡ್ಡಾಯಿ ತಮ್ಮನಿಗೆ ಇಲ್ಲವೆಂದಳು. ಅವನು ಹೊಸ್ತಿಲ ಮೇಲೆ ಕುಳಿತು ಅತ್ತು ಎದ್ದು ಹೋದ.

“ನಾ ಅಂದೆ, ನನ್ನ ಮಗಳು ಹೊಟ್ಟಿ ತುಂಬ ಉಣ್ಣಲಿ. ಉಂಡಳೋ ಇಲ್ಲೋ, ದೇವರಿಗಿ ಗೊತ್ತು. ಹಡಿಯೋದರಾಗ ಹೋದ್ಲು. ಹದಿನೈದು ತುಂಬಿರಲಿಲ್ಲ. ಹೋಗಿ ಮಣ್ಣಾದ ಮ್ಯಾಲ ನಂಗ ಸುದ್ದಿ ಬಂತು. ಸಂತಿಗಿ ಬಂದಾಂವ ಒಬ್ಬ ಹೇಳಿದ. ಸಂತ್ಯಾಗ. ಉಳ್ಳಾಗಡ್ಡಿ ಆರಿಸ್ಕೋತ ಹೇಳಿದ.”

ನಮ್ಮವರಲ್ಲಿ ಸತ್ತವರನ್ನು ಸುಡುವುದಿಲ್ಲ. ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು, ಕುಳಿತ ಭಂಗಿಯಲ್ಲೇ ಕುಣಿಗೆ ಇಳಿಸುತ್ತಾರೆ. ಆಮೇಲೆ ತನ್ನವರೆನ್ನುವವರು ಒಬ್ಬೊಬ್ಬರಾಗಿ ಕೈಯಾರೆ ಮಣ್ಣು ಕೊಡುತ್ತಾರೆ. ದೊಡ್ಡಾಯಿ ಆ ಊರಿಗೆ ನಡೆದು ಹೋದಾಗ ಮಣ್ಣು ಒಣಗಿತ್ತಂತೆ. ಯಾವ ದಿಬ್ಬ ತನ್ನ ಮಗಳದೆಂದು ತೋರಿಸಲು ಆ ಮನೆಯಿಂದ ಯಾರೂ ಜೊತೆಗೆ ಬರಲಿಲ್ಲವಂತೆ.

“ಸೋದರಮಾವನ ಮನಿ ಅಂದ್ರ ತವರುಮನಿ ಇದ್ದಂಗ, ತಿಳಕೋ. ಅಲ್ಲಿ ಉಪಾಸ ಬಿದ್ರೂ ನೋಡೋರು ನಮ್ಮವರು. ಸತ್ರ ಮಣ್ಣು ಕೊಡೋರು ನಮ್ಮವರು. ಕಂಡವರ ಮನ್ಯಾಗ ಸತ್ತಾಕಿಗಿ ಯಾರದಾರ? ಓದಿದಾಕಿ ಕಂಡವರ ಊರಿಗೇ ಹೋಗ್ತಾಳ. ಓದೋದು ಅಂದ್ರ ಹೋಗೋದು. ನಂಗೊತ್ತದ.”

ಮಗಳು ಹೋದ ಮೇಲೆ ಆ ಸೀಮೆಯಲ್ಲಿ ಅವಳಿಗೆ ಇರಲಾಗಲಿಲ್ಲ. ಮಗನ ಕೈ ಹಿಡಿದು ರೈಲು ಹತ್ತಿದಳು. ಔರಂಗಾಬಾದಿನ ಬಟ್ಟೆ ವ್ಯಾಪಾರಿಯೊಬ್ಬರ ಮನೆಯಲ್ಲಿ ರೊಟ್ಟಿ ಬಡಿಯಲು ನಿಂತಳು. ಅಲ್ಲಿಂದ ಈ ಖಾನಾವಳಿ. ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ಯಾಕೆ ಹೊರಟು ಬಂದಳು ಎಂಬುದು ಮಾತ್ರ ಗೊತ್ತಿರಲಿಲ್ಲ. ನಾನು ಮತ್ತೆ ಕುಳಿತು ಹಿಟ್ಟು ನಾದಿದೆ.

ಮುಂದಿನ ಚಳಿಗಾಲದಲ್ಲಿ ಅವಳ ಕೈ ನಡುಗತೊಡಗಿತು. ಅವಳ ರೊಟ್ಟಿ ಮೊದಲ ಸಲ ಹರಿದಾಗ ಜೋಳ ಹಳೆಯದು, ಜಿಗಿ ಇಲ್ಲ ಎಂದಳು. ಮಾಮಾ ಹೊಸ ಜೋಳ ತಂದ. ಅದೂ ಹರಿಯಿತು. ಆಮೇಲೆ ಅವಳು ಜೋಳವನ್ನು ಬಯ್ಯುವುದು ಬಿಟ್ಟಳು. ಕಣ್ಣಿಗೂ ಪೊರೆ ಬಂದಿತ್ತು. ನನಗೆ ಪರೀಕ್ಷೆಯ ಕೊನೆಯ ವರ್ಷ ಎದುರಿಗಿತ್ತು. ಖಾನಾವಳಿಗೆ ಇನ್ನೊಂದು ಜೊತೆ ಕೈ ಬೇಕೇ ಬೇಕಿತ್ತು. ದೊಡ್ಡಾಯಿ ಮತ್ತೆ ಲಗ್ನದ ಮಾತು ಎತ್ತಿದಳು. ಆಗ ಮಾಮಾ, ಜೋಳ ತರಲು ಭಾಲ್ಕಿಗೆ ಹೋದವನು, ಒಂದು ಹುಡುಗಿಯನ್ನು ನೋಡಿ ಒಪ್ಪಿ ಬಂದ.

“ಮನ್ಯಾಗ ಇರೋದು ಹುಡುಗಿ ಅಲ್ಲೇನೋ?” ದೊಡ್ಡಾಯಿ ಕೂಗಿದಳು.

“ಆಕಿ ಓದ್ಲತಾಳ, ಆಯಿ.”

“ಓದ್ಲಿ. ತಾಳಿ ಕಟಗೊಂಡು ಓದ್ಲಿ.”

“ಈ ಊರಾಗ ಆಕಿ ಹ್ಯಾಂಗ ತಿರುಗ್ಯಾಡ್ತಾಳ? ಇಲ್ಲಿ ಮಾಮಾ ಅಂದ್ರ ಏನು ಅಂತ ನಿಂಗ ಗೊತ್ತಿಲ್ಲೇನು?”

“ಈ ಊರು! ಈ ಊರಿನವರು ನನ್ನ ರೊಟ್ಟಿ ತಿಂದಾರ. ನಾ ಅವರ ರೀತಿ ತಿನ್ನಂಗಿಲ್ಲ.”

ಮಾಮಾ ಜಗ್ಗಲಿಲ್ಲ. ಅವನು ಅವಳ ಮಾತು ಮೀರಿದ್ದು ಅದೊಂದೇ ಸಲ. ಮದುವೆ ಸಣ್ಣದಾಗಿ ಆಯಿತು. ನಮ್ಮಲ್ಲಿ ಸೋದರಮಾವ ಬೇರೆ ಹೆಣ್ಣು ತಂದರೆ, ಹಕ್ಕಿದ್ದ ಅಕ್ಕನ ಮಗಳಿಗೆ ಆ ಮನೆಯ ಹಿರಿಯಳು ಒಂದು ಸೀರೆ ಕೊಟ್ಟು ಋಣ ಬಿಡಿಸಬೇಕು. ಇಲ್ಲವಾದರೆ ಹೊಸ ಸೊಸೆಗೆ ಏಳಿಗೆಯಿಲ್ಲ ಎನ್ನುತ್ತಾರೆ. ಅಕ್ಷತೆ ಬೀಳುವ ಮೊದಲು ದೊಡ್ಡಾಯಿ ನನ್ನನ್ನು ಒಳಗೆ ಕರೆದಳು. ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಸೀರೆಯನ್ನು ಕೈಯಲ್ಲಿ ತಡವಿ, ಮಡಿಕೆ ಸರಿಮಾಡಿ, ನನ್ನ ಉಡಿಗೆ ಹಾಕಿದಳು. ಹಸಿರು ಇಳಕಲ್ ಸೀರೆ. ನಾನು ಮದುಮಗಳಾಗಿ ಉಡಬೇಕೆಂದೇ ಅದನ್ನು ಅವಳು ತರಿಸಿ ಇಟ್ಟಿದ್ದಳೆಂದು ಅವ್ವ ಆಮೇಲೆ ಹೇಳಿದಳು.

“ತಗೋ. ಬಿಟ್ಟೆ ನಿನ್ನ” ಎಂದಳು. “ಇನ್ನ ಎಲ್ಲಿ ಹೋಗ್ತಿ ಹೋಗು. ನಿಂಗ ಮಣ್ಣು ಕೊಡೋರು ಯಾರು, ಅದನ್ನ ನಿನ್ನ ಪುಸ್ತಕಕ್ಕ ಕೇಳು.”

ಗೆದ್ದೆನೆಂದು ನನಗೆ ಅನ್ನಿಸಬೇಕಿತ್ತು. ಹೊರಗೆ ವಾಲಗ ಊದುತ್ತಿದ್ದರು. ನಾನು ಆ ಸೀರೆ ಹಿಡಿದು ಜೋಳದ ಚೀಲದ ಮೇಲೆ ಬಹಳ ಹೊತ್ತು ಕುಳಿತಿದ್ದೆ.

ಮದುವೆಗೆ ಬಂದಿದ್ದ ಅವ್ವ ಹೋಗುವಾಗ ದೊಡ್ಡಾಯಿಯನ್ನು ನಾಸಿಕಕ್ಕೆ ಕರೆದುಕೊಂಡು ಹೋದಳು. ಹೊಸ ಸೊಸೆಯ ಕೈಯ ರೊಟ್ಟಿಯ ಸದ್ದು ಕೇಳುತ್ತ ಗೋಡೆಗೆ ಒರಗಿ ಕೂರುವುದು ಅವಳಿಗೆ ಆಗಲಿಲ್ಲ. ಬಸ್ಸಿನ ಕಿಟಕಿಯಲ್ಲಿ ಅವಳ ಮುಖ ಕಂಡಿತು. ನಾನು ಯಾವ ಕಡೆ ನಿಂತಿದ್ದೇನೆಂದು ಅವಳಿಗೆ ಗೊತ್ತಾಗಲಿಲ್ಲ. ಬೇರೆ ಕಡೆಗೆ ನೋಡಿ ಕೈ ಎತ್ತಿದಳು.

ಕೊನೆಯ ವರ್ಷದ ಪರೀಕ್ಷೆ ಬೇಸಿಗೆಯಲ್ಲಿ ನಡೆಯುತ್ತಿತ್ತು. ನಡುವೆ ಒಂದು ದಿನ ನಾನು ಪೇಪರ್ ಬರೆದು ಬಂದಾಗ ಮಾಮಾ ಮನೆಯಲ್ಲಿ ಇರಲಿಲ್ಲ. ಅತ್ತೆ, ಅಂದರೆ ಮಾಮಾನ ಹೆಂಡತಿ, ತಲೆ ತಗ್ಗಿಸಿ ರೊಟ್ಟಿ ಬಡಿಯುತ್ತಿದ್ದಳು.

“ಜೋಳಕ್ಕ ಹೋಗ್ಯಾರ” ಎಂದಳು.

ಜೋಳಕ್ಕೆ ಹೋಗುವವನು ಗೋಣಿಚೀಲ ಒಯ್ಯುತ್ತಾನೆ. ಚೀಲಗಳು ಮೂಲೆಯಲ್ಲೇ ಇದ್ದವು. ಅದು ನನ್ನ ಕಣ್ಣಿಗೆ ಬಿತ್ತು. ಆದರೆ ತಲೆಯಲ್ಲಿ ಮರುದಿನದ ಪೇಪರ್ ಇತ್ತು. ಉಂಡು, ಓದಲು ಕುಳಿತೆ.

ಕೊನೆಯ ಪೇಪರ್ ಬರೆದು ಹೊರಗೆ ಬಂದಾಗ ಕಾಲೇಜಿನ ಗೇಟಿನ ಹತ್ತಿರ ಮಾಮಾ ನಿಂತಿದ್ದ. ಅಷ್ಟು ವರ್ಷಗಳಲ್ಲಿ ಅವನು ಕಾಲೇಜಿನ ಕಡೆ ಕಾಲಿಟ್ಟಿರಲಿಲ್ಲ. ಕೈಯಲ್ಲಿ ನನ್ನ ಬಟ್ಟೆಯ ಚೀಲ.

“ಮುಗೀತಾ?”

“ಮುಗೀತ್ರಿ.”

“ಎಲ್ಲಾ ಬರದೀ?”

“ಬರದೀನಿ. ಏನಾಗ್ಯಾದ ಮಾಮಾ?”

“ನಡಿ, ನಾಸಿಕಕ್ಕ ಹೋಗೋಣು. ಆಯಿ ಹೋದ್ಲು.”

“ಯಾವಾಗ?”

ಅವನು ಬಸ್ಸು ಬರುವ ದಾರಿಯ ಕಡೆ ನೋಡಿದ. ಖಾಲಿ ಗೋಣಿಚೀಲಗಳು ನನಗೆ ಆಗ ಅರ್ಥವಾದವು. ಅವನು ಹೋಗಿ, ಮಣ್ಣು ಕೊಟ್ಟು, ತಿರುಗಿ ಬಂದು, ನನ್ನ ಪೇಪರ್ ಮುಗಿಯುವುದನ್ನು ಗೇಟಿನ ಹತ್ತಿರ ಕಾಯುತ್ತ ನಿಂತಿದ್ದ.

ನಾನು ರಸ್ತೆಯಲ್ಲೇ ಕೂಗಾಡಿದೆ. ಹೋಗುವ ಬರುವ ಹುಡುಗಿಯರು ನಿಂತು ನೋಡಿದರು. “ನೀವು ಯಾಕ ಹೇಳಲಿಲ್ಲ? ಆಕಿ ನನಗೇ ಹೇಳಿದ್ಲು ಮಾಮಾ, ಮಗಳಿಗಿ ಮಣ್ಣು ಸಿಗಲಿಲ್ಲ ಅಂತ ನನಗೇ ಹೇಳಿದ್ಲು! ನೀವು ಯಾರು ನನ್ನ ತಡೀಲಿಕ್ಕ?”

ಮಾಮಾ ನನ್ನ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

“ನೀ ಒಂದು ಪೇಪರ್ ಬಿಟ್ಟಿದ್ರ ಆಯಿ ಮಾತು ಖರೆ ಆಗ್ತಿತ್ತು” ಎಂದ. “ನಾ ಆಯಿನ್ನ ಗೆಲ್ಲಗೊಡಲಿಲ್ಲ. ಅದು ನನ್ನ ಪಾಪ, ನನ್ನ ಮ್ಯಾಲ ಇರ್ಲಿ. ಬಸ್ಸು ಬಂತು, ನಡಿ.”

ದಾರಿ ನಡುವಿನ ಯೆವಲಾದಲ್ಲಿ ಬಸ್ಸು ನಿಂತಾಗ ಮಾಮಾ ಇಳಿದು ನೀರು ತಂದುಕೊಟ್ಟ.

ನಾಸಿಕಕ್ಕೆ, ತ್ರ್ಯಂಬಕೇಶ್ವರಕ್ಕೆ ದೇಶದ ಮೂಲೆ ಮೂಲೆಯಿಂದ ಜನ ಸತ್ತವರ ಕ್ರಿಯೆಗೆ ಬರುತ್ತಾರೆ, ಗೋದಾವರಿಗೆ ಅಸ್ಥಿ ಬಿಡುತ್ತಾರೆ. ನಾವು ಆ ನದಿಯ ದಂಡೆಯಲ್ಲೇ ಬಾಳಿ ಅದಕ್ಕೆ ಏನೂ ಕೊಡುವವರಲ್ಲ. ವಾಡೆಯ ನೆರೆಯ ಅಜ್ಜಿಯೊಬ್ಬಳು ನನ್ನ ತಲೆ ಸವರಿ, ಅಸ್ಥಿ ಯಾವ ಘಾಟಿನಲ್ಲಿ ಬಿಟ್ಟಿರಿ ಎಂದು ಕೇಳಿದಳು. ಒಳ್ಳೆಯ ಮನಸ್ಸಿನಿಂದಲೇ ಕೇಳಿದಳು. ಬಿಡಲು ಏನೂ ಇಲ್ಲ. ದೊಡ್ಡಾಯಿ ಊರ ಹೊರಗೆ, ನಮ್ಮವರ ಸಣ್ಣ ರುದ್ರಭೂಮಿಯಲ್ಲಿ, ಕುಳಿತಿದ್ದಾಳೆ.

ಅವ್ವ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಮಣ್ಣು ಮಟ್ಟ ಮಾಡಿ, ಬಿಲ್ವಪತ್ರೆ ಹಾಕಿದ್ದರು. ಪತ್ರೆ ಒಣಗಿ ಸುರುಟಿತ್ತು. ಬಿಸಿಲಿಗೆ ಮೇಲ್ಮಣ್ಣು ಬಿರಿದಿತ್ತು. ನಾನು ಒಂದು ಹಿಡಿ ಎತ್ತಿದೆ. ಎಲ್ಲಿ ಹಾಕಬೇಕು? ಕುಣಿ ಮುಚ್ಚಿತ್ತು. ತೆಗೆದಲ್ಲೇ ಸುರಿದೆ.

“ನನ್ನ ಕೇಳಿದ್ಲೇನು?” ಎಂದು ಅವ್ವನನ್ನು ಕೇಳಿದೆ. ಇಲ್ಲ ಎನ್ನಲಿ ಎಂದು ಆಸೆಪಟ್ಟೆ.

ಅವ್ವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. “ಕೇಳಿದ್ಲು” ಎಂದಳು. “ಕೇಳ್ಕೋತನ ಹೋದ್ಲು. ಹುಡುಗಿ ಎಲ್ಲಿ, ಹುಡುಗಿ ಎಲ್ಲಿ. ಬಸ್ಸಿನಾಗ ಬರ್ಲತಾಳ ಅಂದೆ.”

“ಆಮ್ಯಾಲ?”

“ಆಮ್ಯಾಲ ಕೇಳಲಿಲ್ಲ.”

ಆ ಬೇಸಿಗೆಯಲ್ಲಿ ಫಲಿತಾಂಶ ಬಂತು. ನಾನು ಪಾಸಾಗಿದ್ದೆ. ಎರಡನೆಯ ದರ್ಜೆ. ನಮ್ಮ ಅಪ್ಪನ ಕಡೆ, ಅವ್ವನ ಕಡೆ, ಗಂಡಸರಲ್ಲಿ ಹೆಂಗಸರಲ್ಲಿ, ಮೊದಲ ಪದವಿ ನನ್ನದು. ಇದನ್ನು ನಾನು ಹೆಮ್ಮೆಯಿಂದಲೇ ಬರೆಯುತ್ತೇನೆ. ಎಷ್ಟು ಅತ್ತಿದ್ದರೂ ಆ ಹೆಮ್ಮೆಯನ್ನು ಸಣ್ಣದು ಮಾಡಿ ಹೇಳಲು ನನಗೆ ಮನಸ್ಸಿಲ್ಲ. ಹಿಟ್ಟು ನಾದಿ, ಅದೇ ಕೈಯಲ್ಲಿ ಬರೆದು ಗಳಿಸಿದ್ದು. ಖಾನಾವಳಿಯಲ್ಲಿ ಮಾಮಾ ಪಂಕ್ತಿಗೆಲ್ಲ ಪೇಢಾ ಹಂಚಿದನಂತೆ. ಯಾರದು ಎಂದು ಕೇಳಿದವರಿಗೆ, “ನಮ್ಮ ಮನೀದು” ಎಂದನಂತೆ.

ಪ್ರಮಾಣಪತ್ರ ಕೈಗೆ ಬರುವ ಹೊತ್ತಿಗೆ ಮುಂದಿನ ಚಳಿಗಾಲ. ಅಷ್ಟರಲ್ಲಿ ಔರಂಗಾಬಾದ್ ಜಿಲ್ಲೆಯ ಕನ್ನಡ ಎಂಬ, ಹೆಸರಷ್ಟೇ ಕನ್ನಡವಾದ ಮರಾಠಿ ತಾಲ್ಲೂಕಿನ ಊರೊಂದರ ಶಾಲೆಯಲ್ಲಿ ನನಗೆ ಕೆಲಸ ನಿಕ್ಕಿಯಾಗಿತ್ತು. ಔರಂಗಾಬಾದಿನಿಂದಲೂ ಮುಂದೆ, ನಮ್ಮವರು ಒಬ್ಬರೂ ಇಲ್ಲದ ಊರು. ಇರಲು ಶಾಲೆಯ ಹಿಂದಿನ ಒಂದು ಕೋಣೆ. ಅದನ್ನು ಅವ್ವನಿಗೆ ಇನ್ನೂ ಹೇಳಿರಲಿಲ್ಲ. ಪ್ರಮಾಣಪತ್ರ ಕೊಟ್ಟು, ಅವಳು ಖುಷಿಯಲ್ಲಿರುವಾಗ ಹೇಳಿದರಾಯಿತು ಎಂದುಕೊಂಡು ನಾಸಿಕದ ಬಸ್ಸು ಹತ್ತಿದೆ.

ಅವ್ವ ವಾಡೆಯ ಅಂಗಳದಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ನಾನು ಸುರುಳಿ ಬಿಚ್ಚಿ ಕೊಟ್ಟೆ. ಅವಳು ಮೊರ ಕೆಳಗಿಟ್ಟು, ಕೈ ಸೆರಗಿಗೆ ಒರೆಸಿ, ಎರಡೂ ಕೈಯಲ್ಲಿ ತೆಗೆದುಕೊಂಡಳು.

“ಇದರಾಗ ನಿನ್ನ ಹೆಸರು ಎಲ್ಲದ?”

ತೋರಿಸಿದೆ. ಅವಳು ಅದರ ಮೇಲೆ ಬೆರಳು ಇಡಲಿಲ್ಲ, ಕೊಳೆಯಾದೀತೆಂದು ಸ್ವಲ್ಪ ಮೇಲೆ ಹಿಡಿದಳು. ಬಹಳ ಹೊತ್ತು ನೋಡಿದಳು. ಒಳಗೆ ತಂಗಿ ಒಲೆ ಊದುತ್ತಿದ್ದಳು, ಹೊಗೆ ಅಂಗಳಕ್ಕೆ ಬರುತ್ತಿತ್ತು. ಅವ್ವ ಕಾಗದವನ್ನು ಹೊಗೆಗೆ ತಾಗದ ಹಾಗೆ ಪಕ್ಕಕ್ಕೆ ತಿರುಗಿಸಿಕೊಂಡು, ನನ್ನ ಮುಖ ನೋಡದೆ ಕೇಳಿದಳು.

“ಇಷ್ಟು ಆತಲ್ಲ ಯವ್ವಾ. ಇನ್ನ ಮನ್ಯಾಗ ಇರ್ತಿ, ಇಲ್ಲಾ ಮತ್ತ ಎಲ್ಲಿಗರ ಹೋಗ್ತಿ?”